ನೊನಾ ಹೇಳಿದ ಹೆಸರು

ಹಡಗು ಕತಾಕೊಲೊ ಬಂದರಿಗೆ ತಾಗುವ ಹೊತ್ತಿಗೆ ಮಳೆ ಹಿಡಿದುಕೊಂಡಿತ್ತು. ಅಸಿಮಿನಾಗೆ ಅದು ಸಂತೋಷದ ಸಂಗತಿಯೇ. ಬಿಸಿಲಿದ್ದಿದ್ದರೆ ಪೊಲಿಕ್ಸೆನಿ ಅಗಲ ಅಂಚಿನ ಟೋಪಿ ಇಟ್ಟುಕೊಂಡು, ತುಟಿಗೆ ಬಣ್ಣ ಬಳಿದುಕೊಂಡು, ಕಂಡ ಕಂಡ ಕಂಬದ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದಳು. ಮಳೆ ಬಂದರೆ ಅವಳ ಎಡಮಂಡಿ ಹಿಡಿದುಕೊಳ್ಳುತ್ತದೆ. ಪೊಲಿಕ್ಸೆನಿಯ ಮಂಡಿ ಹಿಡಿದುಕೊಂಡ ದಿನ ಅಸಿಮಿನಾಗೆ ಊಟ ಸೇರುತ್ತದೆ.

ಹಾಗಂತ ಇಬ್ಬರಿಗೂ ಜಗಳವಿತ್ತೆಂದು ತಿಳಿಯಬೇಡಿ. ಜಗಳವಾಡಿದ್ದರೆ ಎಂದೋ ಮುಗಿದು ಹೋಗುತ್ತಿತ್ತು. ಎವಿಯಾ ದ್ವೀಪದ ಒಂದೇ ಹಳ್ಳಿಯಲ್ಲಿ ಹುಟ್ಟಿ, ಮದುವೆಯಾಗಿ ಪಿರೇಯಸ್ಸಿನ ಒಂದೇ ಬೀದಿಗೆ ಬಂದು ಬಿದ್ದವರು ಅವರು. ಸಾಲದ್ದಕ್ಕೆ ಪೊಲಿಕ್ಸೆನಿ ಅಸಿಮಿನಾಳ ಮಗಳಿಗೆ ನೊನಾ. ದೀಕ್ಷಾಸ್ನಾನದ ದಿನ ಮಗುವನ್ನು ಎತ್ತಿಕೊಂಡು, ಪಾದ್ರಿ ಕೇಳಿದಾಗ ಅದರ ಹೆಸರು ಹೇಳಿದ ಧರ್ಮತಾಯಿ. ಮಗುವಿನ ನೊನಾ ಜೊತೆ ಮುಖ ಮುರಿದುಕೊಂಡರೆ ದೇವರು ಮೆಚ್ಚುವುದಿಲ್ಲ, ಊರಂತೂ ಮೊದಲೇ ಮೆಚ್ಚುವುದಿಲ್ಲ. ಅದಕ್ಕೇ ಅಸಿಮಿನಾ ಮುಖದಲ್ಲಿ ನಕ್ಕು ಒಳಗೆ ಹಲ್ಲು ಕಡಿದುಕೊಂಡೇ ನಲವತ್ತು ವರ್ಷ ಕಳೆದಳು. ಸೇಡು ತೀರಿಸಿಕೊಳ್ಳಲಿಲ್ಲವೆಂದಲ್ಲ. ಚೂರುಪಾರು ತೀರಿಸುತ್ತಲೇ ಇದ್ದಳು. ಪೊಲಿಕ್ಸೆನಿ ಕಾಫಿ ಕುಡಿದು ಬಟ್ಟಲು ಕವುಚಿ, "ಮಡ್ಡಿ ನೋಡಿ ಶಕುನ ಹೇಳೇ," ಎಂದರೆ ಒಮ್ಮೆಯೂ ಒಳ್ಳೆಯದು ಹೇಳಿದವಳಲ್ಲ. ಒಂದು ಸಲ ಹಾವು, ಇನ್ನೊಂದು ಸಲ ಮುಚ್ಚಿದ ಬಾಗಿಲು, ಮತ್ತೊಂದು ಸಲ ಹೆಸರು ತಿಳಿಯದ ಕಾಯಿಲೆ. ಪೊಲಿಕ್ಸೆನಿ ಪಾಪ ವಾರಗಟ್ಟಲೆ ಹೆದರುತ್ತಿದ್ದಳು. ಆದರೆ ಇದೆಲ್ಲ ಚಿಲ್ಲರೆ, ಅಸಿಮಿನಾಳ ಹೊಟ್ಟೆಯ ಉರಿ ಇಷ್ಟಕ್ಕೆಲ್ಲ ಆರುವಂಥದ್ದಲ್ಲ.

ಬಂದರಿನಿಂದ ಒಲಿಂಪಿಯಾಗೆ ಬಸ್ಸು. ಪಿಂಚಣಿದಾರರಿಗೆಂದು ಹೊರಡಿಸಿದ ಶರತ್ಕಾಲದ ಯಾತ್ರೆ ಅದು, ಬಸ್ಸಿನ ತುಂಬ ಕೆಮ್ಮು ಮತ್ತು ಕಿತ್ತಳೆ ಸಿಪ್ಪೆಯ ವಾಸನೆ. ಹಡಗಿನವರು ಎಲ್ಲರಿಗೂ ಹಳದಿ ಪ್ಲಾಸ್ಟಿಕ್ ಮಳೆಯಂಗಿ ಹಂಚಿದ್ದರು. ಮುಂದಿನ ಸೀಟಿನಲ್ಲಿ ಮೂರನೆಯ ಗೆಳತಿ ಗರಿಫಾಲ್ಯಾ ಮಳೆಯಂಗಿಯೊಳಗೇ ಚೀಸ್ ಕಡುಬು ತಿನ್ನುತ್ತಿದ್ದಳು. ಅವಳೂ ಅದೇ ಹಳ್ಳಿಯವಳು. ಬಾಯಿ ದೊಡ್ಡದು, ನೆನಪು ಸಣ್ಣದು, ಮನಸ್ಸಿನಲ್ಲಿ ಕಲ್ಮಶವಿಲ್ಲ.

"ಅಸಿಮಿನಾ, ನಿನ್ನತ್ರ ಒಂದು ಮಾತು ಕೇಳ್ಬೇಕಿತ್ತು ಕಣೇ," ಎಂದಳು ಪೊಲಿಕ್ಸೆನಿ, ಮಂಡಿ ನೀವಿಕೊಳ್ಳುತ್ತ.

"ಕೇಳು. ಮಂಡಿಗೆ ಎಣ್ಣೆ ತಂದಿಲ್ಲ, ಅದೊಂದು ಬಿಟ್ಟು ಬೇರೆ ಏನಾದ್ರೂ ಕೇಳು."

"ನನ್ನ ಮೊಮ್ಮಗಳಿಗೆ, ನಮ್ಮ ಸ್ತ್ರಾತೋಸ್‌ನ ಪಾಪುಗೆ ಈಸ್ಟರ್ ಆದ್ಮೇಲೆ ದೀಕ್ಷಾಸ್ನಾನ ಮಾಡ್ಸೋಣ ಅಂತಿದೀವಿ. ನಮ್ಮೂರ ಚರ್ಚಲ್ಲೇ. ನೊನಾ ನೀನಾಗ್ಬೇಕು."

ಅಸಿಮಿನಾ ಕಿಟಕಿಯ ಕಡೆ ತಿರುಗಿದಳು. ಗಾಜಿನ ಮೇಲೆ ನೀರು ಇಳಿಯುತ್ತಿತ್ತು.

"ಈ ವಯಸ್ಸಲ್ಲಿ ನಾನಾ? ಯಾರಾದ್ರೂ ಹರೇದ ಹುಡುಗೀರನ್ನ ಕೇಳ್ಬಾರ್ದಾ."

ಗರಿಫಾಲ್ಯಾ ಕಡುಬಿನ ಸಮೇತ ಹಿಂದೆ ತಿರುಗಿದಳು. "ಒಪ್ಕೊಳ್ಳೇ ಮಾರಾಯ್ತಿ. ಇನ್ನು ನಿನ್ನನ್ನ ಯಾರು ಕರೀತಾರೆ, ಮೇಲಿನವನು ಕರೆಯೋದೊಂದೇ ಬಾಕಿ. ಹೆಸರಿನ ತಲೆನೋವೂ ಇಲ್ಲ. ಅಪ್ಪನ ಅಮ್ಮನ ಹೆಸರು, ಇನ್ನೊಬ್ಬಳು ಪೊಲಿಕ್ಸೆನಿ. ಒಬ್ಬಳನ್ನ ಸಹಿಸ್ಕೊಳ್ಳೋದೇ ನಮ್ಮ ಗತಿಯಾಗಿತ್ತು."

ಗರಿಫಾಲ್ಯಾ ತನ್ನ ಮಾತಿಗೆ ತಾನೇ ನಕ್ಕಳು. ಪೊಲಿಕ್ಸೆನಿ ನಗಲಿಲ್ಲ.

"ಆಗಲಿ," ಎಂದಳು ಅಸಿಮಿನಾ. "ಆಗ್ತೀನಿ."

ಆ ಒಂದು ಮಾತಿನಲ್ಲಿ ಎಷ್ಟು ವರ್ಷದ ಹಸಿವಿತ್ತೆಂದು ಪಕ್ಕದಲ್ಲಿ ಕುಳಿತವಳಿಗೆ ತಿಳಿದಿದ್ದರೆ ಬಸ್ಸಿನಿಂದ ಇಳಿದು ಓಡುತ್ತಿದ್ದಳು, ಮಂಡಿ ನೋವು ಮರೆತು.

ನಡೆದದ್ದು ಇಷ್ಟು. ಅಸಿಮಿನಾಗೆ ಚೊಚ್ಚಲ ಹೆಣ್ಣು ಮಗು ಹುಟ್ಟಿದಾಗ ರೂಢಿಯ ಪ್ರಕಾರ ಅತ್ತೆಯ ಹೆಸರಿಡಬೇಕಿತ್ತು. ಆದರೆ ಮೈದುನಂದಿರ ಮನೆಗಳಲ್ಲಿ ಅತ್ತೆಯ ಹೆಸರಿನ ಹುಡುಗಿಯರು ಆಗಲೇ ಮೂವರಿದ್ದರು, ಒಬ್ಬಳನ್ನು ಕರೆದರೆ ಮೂವರೂ ಓ ಅನ್ನುತ್ತಿದ್ದರು. "ಸಾಕು, ಈ ಸಲ ನಿಮ್ಮಮ್ಮನ ಹೆಸರೇ ಇರಲಿ," ಎಂದ ಗಂಡ. ಅಸಿಮಿನಾಳ ಅಮ್ಮನ ಹೆಸರು ಲೆಮೊನ್ಯಾ. ನಿಂಬೆಯ ಗಿಡ ಎಂದು ಅರ್ಥ. ಇದ್ದ ಇಬ್ಬರು ಗಂಡುಮಕ್ಕಳನ್ನೂ ಸಮುದ್ರಕ್ಕೆ ಕೊಟ್ಟ ಹೆಂಗಸು, ಅವಳ ಹೆಸರು ಹೊರಲು ಈ ಮಗು ಬಿಟ್ಟರೆ ಯಾರೂ ಇರಲಿಲ್ಲ. ದೀಕ್ಷಾಸ್ನಾನ ಹುಟ್ಟಿದ ಹಳ್ಳಿಯಲ್ಲೇ ಆಯಿತು, ಆ ಕಾಲಕ್ಕೆ ಅಲ್ಲಿ ತಾಯಿ ಚರ್ಚಿಗೆ ಹೋಗುವಂತಿರಲಿಲ್ಲ. ಹೆಸರು ನೊನಾಳ ಬಾಯಿಂದ ಬಿದ್ದ ಕೂಡಲೇ ಊರ ಮಕ್ಕಳು ಮನೆಗೆ ಓಡಿ ಬಂದು ತಾಯಿಗೆ ಕೂಗಿ ಹೇಳಬೇಕು, ತಂದ ಹೆಸರಿಗೆ ಕಾಸು ಈಸಿಕೊಳ್ಳಬೇಕು. ಮುದುಕಿ ಲೆಮೊನ್ಯಾ ಮಗಳಿಗಿಂತ ಮೊದಲೇ ಹೊಸಿಲ ಮೇಲೆ ಕುಳಿತಿದ್ದಳು, ಮಡಿಲ ತುಂಬ ಕಾಸು ಹಾಕಿಕೊಂಡು.

ಮಕ್ಕಳು ಓಡಿ ಬಂದರು. "ಪೊಲಿಕ್ಸೆನಿ, ಪೊಲಿಕ್ಸೆನಿ," ಎಂದು ಕೂಗುತ್ತ ಬಂದರು.

ನೊನಾಳ ಹೆಸರು ಕೂಗುತ್ತಿದ್ದಾರೆ, ದಡ್ಡ ಮುಂಡೇವು, ಎಂದುಕೊಂಡು ಅಸಿಮಿನಾ ನಕ್ಕಿದ್ದಳು. ನಕ್ಕದ್ದನ್ನು ಅವಳು ಇವತ್ತಿಗೂ ಮರೆತಿಲ್ಲ. ಪೊಲಿಕ್ಸೆನಿ ಪಾದ್ರಿಯ ಮುಂದೆ ತನ್ನ ಹೆಸರನ್ನೇ ಹೇಳಿಬಿಟ್ಟಿದ್ದಳು. ನೀರಿನಲ್ಲಿ ಮೂರು ಸಲ ಮುಳುಗಿಸಿ ಆಗಿತ್ತು. ನೊನಾ ಹೇಳಿದ ಮೇಲೆ ಮುಗಿಯಿತು, ಅದನ್ನು ಹಿಂದಕ್ಕೆ ತೆಗೆಯುವ ಅಧಿಕಾರ ಬಿಷಪ್ಪನಿಗೂ ಇಲ್ಲ. "ಬಾಯಿಗೆ ದೇವರು ತರಿಸಿದ್ದು ಕಣೇ," ಎಂದಳು ಪೊಲಿಕ್ಸೆನಿ, ಕಣ್ಣು ತಪ್ಪಿಸಿ. ಲೆಮೊನ್ಯಾ ಮಾತ್ರ ಮಡಿಲಲ್ಲಿದ್ದ ಕಾಸನ್ನೆಲ್ಲ ಮಕ್ಕಳಿಗೆ ಹಂಚಿದಳು, ಬರಿದಾದ ಬಟ್ಟೆ ಕೊಡವಿ ಮಡಚಿದಳು, "ಒಳ್ಳೆ ಹೆಸರು," ಎಂದಳು. ಆ ಚಳಿಗಾಲ ದಾಟಲಿಲ್ಲ.

ಮಗಳನ್ನು ಅಸಿಮಿನಾ ಒಂದು ದಿನವೂ ಹೆಸರು ಹಿಡಿದು ಕರೆಯಲಿಲ್ಲ. ಪುಟ್ಟಿ ಎಂದಳು, ಚಿನ್ನ ಎಂದಳು, ಸಿಟ್ಟು ಬಂದಾಗ ಏ ಕತ್ತೆ ಎಂದಳು. ಆದರೆ ಗಂಡ ಕರೆಯುತ್ತಿದ್ದ, ಶಾಲೆಯವರು ಕರೆಯುತ್ತಿದ್ದರು, ಬೀದಿಯೆಲ್ಲ ಕರೆಯುತ್ತಿತ್ತು. ಸ್ವಂತ ಮನೆಯೊಳಗೆ ದಿನಕ್ಕೆ ನೂರು ಸಲ ಕಳ್ಳಿಯ ಹೆಸರು ಕೇಳಿಸಿಕೊಂಡು ಅನ್ನ ಉಣ್ಣುವ ಕಷ್ಟ ಉಂಡವರಿಗೇ ಗೊತ್ತು.

ಈಗ ಆ ಕಳ್ಳಿಯೇ ತನ್ನ ಮೊಮ್ಮಗಳನ್ನು ತಂದು ಕೈಗೆ ಕೊಡುತ್ತಿದ್ದಾಳೆ. ಹೆಸರು ಹೇಳು ಅನ್ನುತ್ತಿದ್ದಾಳೆ. ಹೇಳದೆ ಇರುತ್ತೇನೆಯೇ, ಎಂದುಕೊಂಡಳು ಅಸಿಮಿನಾ. ಪಾದ್ರಿ ಕೇಳಲಿ. ಬೆಟ್ಟದಾಚೆಗೂ ಕೇಳುವ ಹಾಗೆ ಲೆಮೊನ್ಯಾ ಎಂದು ಹೇಳುತ್ತೇನೆ. ಮಗನ ಒಂದೇ ಕುಡಿ, ಎರಡನೆಯದು ಆಗುವುದಿಲ್ಲವೆಂದು ಡಾಕ್ಟರು ಹೇಳಿದ್ದಾರಂತೆ. ಇವಳ ಹೆಸರು ಇವಳ ವಂಶದಲ್ಲಿ ಅಲ್ಲಿಗೆ ಮುಗಿಯಲಿ. ಬಾಯಿಗೆ ದೇವರು ತರಿಸಿದ ಅನ್ನುತ್ತೇನೆ. ಇದೇ ಮಾತು, ಅಕ್ಷರ ಬದಲಿಸದೆ.

ಒಲಿಂಪಿಯಾದಲ್ಲಿ ಇಳಿದಾಗ ಮಳೆ ಇನ್ನೂ ಜೋರಾಗಿತ್ತು. ಪೈನ್ ಮರಗಳ ಕೆಳಗೆ ಕೆಂಪು ರಾಡಿ. ಝ್ಯೂಸ್ ದೇವರ ಗುಡಿಯ ಕಂಬಗಳು ಬಿದ್ದಲ್ಲೇ ಬಿದ್ದಿದ್ದವು, ಹೆಚ್ಚಿಟ್ಟ ಮೂಲಂಗಿಯ ಬಿಲ್ಲೆಗಳ ಹಾಗೆ. ದಾರಿ ತೋರಿಸುವ ಹುಡುಗಿ ಮಿರ್ತೊ ಮುಂದೆ ನಡೆಯುತ್ತಿದ್ದಳು, ಹಳದಿ ಮಳೆಯಂಗಿಯ ಹಿಂಡು ಅವಳ ಹಿಂದೆ.

"ಇಲ್ಲಿ ಜಾರತ್ತೆ ಅಮ್ಮ, ಹುಷಾರು."

"ಜಾರಿದ್ರೆ ಇಲ್ಲೇ ಬಿಟ್ಬಿಡಿ," ಎಂದಳು ಗರಿಫಾಲ್ಯಾ. "ಇಷ್ಟೊಂದು ಹಳೇ ಕಲ್ಲಿದೆ, ನಾನೊಬ್ಬಳು ಹೆಚ್ಚಾದ್ರೆ ಯಾರಿಗೆ ಗೊತ್ತಾಗತ್ತೆ."

ಅಸಿಮಿನಾ ಮತ್ತು ಪೊಲಿಕ್ಸೆನಿಗೆ ಸೇರಿ ಒಂದೇ ಛತ್ರಿ. ಹಿಡಿದವಳು ಅಸಿಮಿನಾ. ಛತ್ರಿಯ ಅಂಚಿನ ನೀರು ಸರಿಯಾಗಿ ಪೊಲಿಕ್ಸೆನಿಯ ಕತ್ತಿನೊಳಗೆ ಇಳಿಯುವಂತೆ ಹಿಡಿಯುವುದು ಒಂದು ಕಲೆ, ಅದು ಅಸಿಮಿನಾಗೆ ಚೆನ್ನಾಗಿ ಬರುತ್ತಿತ್ತು. ಪೊಲಿಕ್ಸೆನಿ ದೂರಲಿಲ್ಲ. ಇವತ್ತು ಅವಳು ಯಾವುದಕ್ಕೂ ದೂರುತ್ತಿರಲಿಲ್ಲ, ಕುಂಟುತ್ತ ತೋಳು ಹಿಡಿದುಕೊಂಡು ಬರುತ್ತಿದ್ದಳು. ಅಸಿಮಿನಾಗೆ ಅದು ಸ್ವಲ್ಪ ವಿಚಿತ್ರವೆನಿಸಿತು, ಆದರೆ ಅವಳ ಮನಸ್ಸು ಆಗಲೇ ಈಸ್ಟರಿನ ಆಚೆಗೆ ಹೋಗಿ ಊರ ಚರ್ಚಿನಲ್ಲಿ ನಿಂತಿತ್ತು.

ಓಟದ ಬಯಲಿಗೆ ಹೋಗುವ ಕಮಾನಿನ ಮುಂದೆ ಮಿರ್ತೊ ನಿಂತಳು. ಎಡಗಡೆ ಒಂದೇ ಸಾಲಿನಲ್ಲಿ ಕಲ್ಲಿನ ಪೀಠಗಳು, ಮೇಲೆ ಏನೂ ಇಲ್ಲ, ಗುಳಿಯಲ್ಲಿ ಮಳೆನೀರು ನಿಂತಿತ್ತು.

"ಇವು ಗೆದ್ದವರದ್ದಲ್ಲ, ಮೋಸ ಮಾಡಿ ಸಿಕ್ಕಿಬಿದ್ದವರದ್ದು," ಎಂದಳು ಮಿರ್ತೊ. "ಎದುರಾಳಿಗಳಿಗೆ ಲಂಚ ಕೊಟ್ಟು ಗೆದ್ದ ಒಬ್ಬ ಮುಷ್ಟಿಮಲ್ಲನಿಂದ ಇದು ಶುರುವಾಯ್ತು. ಅಂಥವರ ದಂಡದಲ್ಲೇ ದೇವರ ಮೂರ್ತಿ ಮಾಡ್ಸಿ ಇಲ್ಲಿ ನಿಲ್ಲಿಸ್ತಿದ್ರು. ಕೆಳಗೆ ಮೋಸಗಾರನ ಹೆಸರು, ಯಾಕೆ ನಿಲ್ಲಿಸಿದ್ದು ಅಂತ ಬರೀತಿದ್ರು. ಓಡೋಕೆ ಹೋಗೋ ಪ್ರತಿಯೊಬ್ಬನೂ ಇದನ್ನ ನೋಡ್ಕೊಂಡೇ ಹೋಗ್ಬೇಕು."

"ಎಂಥ ಪೆದ್ದರು," ಎಂದಳು ಅಸಿಮಿನಾ. "ಮೋಸಗಾರನ ಹೆಸರನ್ನ ಕಲ್ಲಲ್ಲಿ ಬರೆದು ಉಳಿಸೋದಾ? ಅಳಿಸಿ ಹಾಕ್ಬೇಕು. ಹುಟ್ಟಲೇ ಇಲ್ಲ ಅನ್ನೋ ಹಾಗೆ."

"ಅಳಿಸಿದ್ರೆ ಅವನಿಗೆ ಬಿಡುಗಡೆ ಅಲ್ವಾ ಅಮ್ಮ? ಊರವರು ಮರೀತಾರೆ, ಅವನೂ ಮರೀತಾನೆ," ಎಂದು ನಕ್ಕು ಮಿರ್ತೊ ಗುಂಪನ್ನು ಕಮಾನಿನೊಳಗೆ ಕರೆದುಕೊಂಡು ಹೋದಳು. ಗರಿಫಾಲ್ಯಾ ತಾನೂ ಓಡಿ ತೋರಿಸುತ್ತೇನೆಂದು ಹೇಳುತ್ತ ಅವಳ ಹಿಂದೆಯೇ ಹೋದಳು.

ಪೊಲಿಕ್ಸೆನಿ ಅಲ್ಲಾಡಲಿಲ್ಲ. ಒದ್ದೆ ಪೀಠದ ಮೇಲೆ ಕೈ ಊರಿ ನಿಂತಳು.

"ನಾನೂ ಇವರ ಸಾಲಲ್ಲಿ ನಿಲ್ಬೇಕಾದವಳೇ ಕಣೇ," ಎಂದಳು.

ಅಸಿಮಿನಾ ಛತ್ರಿ ಹಿಡಿದ ಕೈ ಬಿಗಿ ಮಾಡಿದಳು.

"ಗೊತ್ತಿದೆ ಬಿಡು, ನಿಂಗೆ ನೆನಪಿದೆ ಅಂತ. ಕಾಫಿ ಬಟ್ಟಲಲ್ಲಿ ಒಂದು ಸಲನಾದ್ರೂ ಒಳ್ಳೇದು ಹೇಳಿದ್ಯಾ? ಆವಾಗ ನಂಗೆ ಮದುವೆಯಾಗಿ ಏಳು ವರ್ಷ. ಮಕ್ಕಳಾಗಲ್ಲ, ಆಸೆ ಬಿಡು ಅಂತ ಅಥೆನ್ಸಿನ ಡಾಕ್ಟರು ಹೇಳಿ ಕಳ್ಸಿದ್ರು. ನಿನ್ನ ಮಗು ತೋಳಲ್ಲಿತ್ತು, ಬೆಚ್ಚಗಿತ್ತು. ಪಾದ್ರಿ ಹೆಸರೇನು ಅಂದ. ನನ್ನ ಹೆಸರು ಹಿಡಿದು ಕರೆಯೋಕೆ ಭೂಮಿ ಮೇಲೆ ಇನ್ಯಾರೂ ಬರಲ್ಲ ಅನ್ನಿಸ್ತು. ಹೇಳಿಬಿಟ್ಟೆ. ಆಮೇಲೆ ಎಷ್ಟೋ ವರ್ಷಕ್ಕೆ ಸ್ತ್ರಾತೋಸ್ ಹುಟ್ಟಿದ, ಆಗ ಇನ್ನೂ ಜಾಸ್ತಿ ಸುಡ್ತು. ನಿಮ್ಮಮ್ಮ ಆವತ್ತು ಕಾಸು ಹಂಚಿದ್ರು ಅಂತ ಕೇಳಿದ್ದೇ ಕೇಳಿದ್ದು, ನೆಟ್ಟಗೆ ನಿದ್ದೆ ಮಾಡಿಲ್ಲ."

"ಈಗ್ಯಾಕೆ ಹೇಳ್ತಿದೀಯ?"

"ಪಾದ್ರಿ ಕೇಳಿದಾಗ ಲೆಮೊನ್ಯಾ ಅನ್ನು. ಅದಕ್ಕೇ ನಿನ್ನ ಕೇಳಿದ್ದು, ಅದಕ್ಕೇ ಈ ಯಾತ್ರೆಗೆ ಎಳ್ಕೊಂಡು ಬಂದದ್ದು. ಸ್ತ್ರಾತೋಸ್‌ಗೆ ಹೇಳಿದೀನಿ, ನೊನಾ ಯಾವ ಹೆಸರು ಹೇಳಿದ್ರೂ ತುಟಿ ಬಿಚ್ಚಬಾರ್ದು ಅಂತ. ಒಪ್ಪಿದಾನೆ. ನಿಮ್ಮಮ್ಮನ ಹೆಸರನ್ನ ನಿಂಗೆ ವಾಪಸ್ ಕೊಡ್ತೀನಿ. ನಾನು ಹಗುರ ಆಗಿ ಸಾಯ್ತೀನಿ."

ಅಸಿಮಿನಾಗೆ ಮೊದಲು ಏನೂ ಅನ್ನಿಸಲಿಲ್ಲ. ಆಮೇಲೆ ಅಂಗಾಲಿನಿಂದ ಸಿಟ್ಟು ಏರಿತು. ಹೆಸರನ್ನು ಕದ್ದವಳು ಇವಳೇ, ಈಗ ದಾನ ಕೊಡುವವಳೂ ಇವಳೇ. ಬಸ್ಸಿನಲ್ಲಿ ಬರುವಾಗ ಎಷ್ಟು ಚಂದದ ಸೇಡು ಕೈಯಲ್ಲಿತ್ತು. ಅದನ್ನೂ ಕಿತ್ತುಕೊಂಡಳು. ಈಗ ಲೆಮೊನ್ಯಾ ಎಂದರೆ ಅದು ಏಟಲ್ಲ, ಇವಳಿಗೆ ಮಾಡಿದ ಉಪಕಾರ. ಇವಳು ಅತ್ತು ತಬ್ಬಿಕೊಳ್ಳುತ್ತಾಳೆ, ಊರು ಹೊಗಳುತ್ತದೆ, ಎಂಥ ದೊಡ್ಡ ಮನಸ್ಸು ಪೊಲಿಕ್ಸೆನಿಯದು ಎಂದು. ರಾತ್ರಿ ಗೊರಕೆ ಹೊಡೆದು ಮಲಗುತ್ತಾಳೆ. ಸತ್ತ ಅಮ್ಮ ಸತ್ತೇ ಇರುತ್ತಾಳೆ.

ಅವಳು ಪೀಠದ ಮೇಲೆ ಬೆರಳಾಡಿಸಿದಳು. ಅಕ್ಷರವೇನೂ ಉಳಿದಿರಲಿಲ್ಲ, ಕಲ್ಲು ಮಾತ್ರ ದಾರಿಯ ಪಕ್ಕದಲ್ಲಿ ಇಟ್ಟಲ್ಲೇ ಇತ್ತು. ಅಳಿಸಿದ್ರೆ ಅವನಿಗೆ ಬಿಡುಗಡೆ ಎಂದಿದ್ದಳು ಆ ಹುಡುಗಿ. ಹಳಬರನ್ನು ಪೆದ್ದರೆಂದದ್ದು ತನ್ನದೇ ತಪ್ಪೆಂದು ಅಸಿಮಿನಾಗೆ ಅನ್ನಿಸಿತು.

"ಏನಾದ್ರೂ ಅನ್ನೇ," ಎಂದಳು ಪೊಲಿಕ್ಸೆನಿ. ಮಳೆಯೋ ಕಣ್ಣೀರೋ, ಮುಖವೆಲ್ಲ ಒದ್ದೆಯಾಗಿತ್ತು.

"ಅನ್ನೋದೇನಿದೆ. ನೊನಾ ಆಗ್ತೀನಿ ಅಂದೆನಲ್ಲ," ಎಂದು ಅಸಿಮಿನಾ ಛತ್ರಿಯನ್ನು ಸರಿಯಾಗಿ ಅವಳ ತಲೆಯ ಮೇಲೆ ಹಿಡಿದಳು. "ಬಾ, ನೆನೀಬೇಡ. ಈಸ್ಟರ್ ತನಕ ನೀನು ಗಟ್ಟಿಯಾಗಿರ್ಬೇಕು."

ಈಸ್ಟರ್ ಕಳೆದು ಊರ ಬೆಟ್ಟವೆಲ್ಲ ಹಳದಿ ಹೂವಾಗಿದ್ದ ಒಂದು ಭಾನುವಾರ ಅವರೆಲ್ಲ ಹಳ್ಳಿಗೆ ಹೋದರು. ಈಗ ತಾಯಿಯನ್ನು ಚರ್ಚಿನಿಂದ ಹೊರಗಿಡುವ ರೂಢಿಯಿಲ್ಲ, ಸ್ತ್ರಾತೋಸ್ ಮತ್ತು ಅವನ ಹೆಂಡತಿ ಒಳಗೇ ನಿಂತಿದ್ದರು. ಆದರೆ ಪೊಲಿಕ್ಸೆನಿ ಒಳಗೆ ಬರಲಿಲ್ಲ. ಹಟ ಮಾಡಿ ಅಂಗಳದ ಕಲ್ಲುಬೆಂಚಿನ ಮೇಲೆ ಕುಳಿತಳು, ಮಡಿಲ ತುಂಬ ಕಾಸು ಹಾಕಿಕೊಂಡು, ಹಿಂದೆ ಆ ಮುದುಕಿ ಕುಳಿತ ಹಾಗೆಯೇ. ಲೆಮೊನ್ಯಾಳ ಹೆಸರನ್ನು ಮಕ್ಕಳ ಬಾಯಿಂದ ಕೇಳಬೇಕು, ಕೇಳಿ ತಾನು ಕಾಸು ಹಂಚಬೇಕು. ಅದು ಅವಳ ಪ್ರಾಯಶ್ಚಿತ್ತ. ಚರ್ಚಿನ ಬಾಗಿಲಿಂದ ಅಸಿಮಿನಾ ಒಮ್ಮೆ ತಿರುಗಿ ನೋಡಿದಳು. ಪೊಲಿಕ್ಸೆನಿ ಮದುವಣಗಿತ್ತಿಯಂತೆ ನಾಚಿ ಕೈ ಬೀಸಿದಳು.

ಮಗು ಭಾರವಾಗಿತ್ತು. ಸೈತಾನನನ್ನು ತೊರೆದೆಯಾ ಎಂದು ಪಾದ್ರಿ ಕೇಳಿದ. ತೊರೆದೆ ಎಂದಳು ಅಸಿಮಿನಾ. ಪಶ್ಚಿಮಕ್ಕೆ ತಿರುಗಿ ಅವನ ಮುಖಕ್ಕೆ ಉಗಿ ಎಂದ, ಉಗಿದಳು. ಮೈಗೆ ಪವಿತ್ರ ಎಣ್ಣೆ ಬಳಿದ ಮೇಲೆ ಮಗು ಕೈಯಲ್ಲಿ ಜಾರುತ್ತಿತ್ತು. ಎದೆಯೊಳಗೆ ಅಮ್ಮನ ಹೆಸರು ಎದ್ದು ಕುಳಿತಿತ್ತು. ಒಂದು ಸಲ ಬಾಯಿ ಬಿಟ್ಟರೆ ಸಾಕು, ಅದು ಹೊರಗೆ ಬಂದು ಈ ಮಗುವಿನ ಜೊತೆ ಇನ್ನೂ ಎಂಬತ್ತು ವರ್ಷ ಬದುಕುತ್ತಿತ್ತು. ಮಗು ಅವಳ ಹೆಬ್ಬೆರಳನ್ನು ಹಿಡಿದುಕೊಂಡಿತು. ಅಸಿಮಿನಾಗೆ ಅಳು ಬಂತು, ನುಂಗಿಕೊಂಡಳು.

"ಹೆಸರು?" ಎಂದ ಪಾದ್ರಿ.

ಸ್ತ್ರಾತೋಸ್ ಕಣ್ಣು ಮುಚ್ಚಿಕೊಂಡ.

"ಪೊಲಿಕ್ಸೆನಿ," ಎಂದಳು ಅಸಿಮಿನಾ.

ಸ್ತ್ರಾತೋಸ್ ಕಣ್ಣು ಬಿಟ್ಟು ಅವಳನ್ನೇ ನೋಡಿದ. ಮಗುವನ್ನು ನೀರಿನಲ್ಲಿ ಮುಳುಗಿಸಿ ಎತ್ತಿದರು, ಮುಳುಗಿಸಿ ಎತ್ತಿದರು. ಅಷ್ಟರಲ್ಲಿ ಮಕ್ಕಳು ಬಾಗಿಲು ದಾಟಿ ಓಡಿದ್ದರು. "ಪೊಲಿಕ್ಸೆನಿ, ಪೊಲಿಕ್ಸೆನಿ," ಎಂಬ ಕೂಗು ಅಂಗಳದಿಂದ ಕೇಳಿಸಿತು. ಅದೇ ಕೂಗು, ಅದೇ ಊರು. ಆಮೇಲೆ ಕಲ್ಲಿನ ಮೇಲೆ ಕಾಸು ಚೆಲ್ಲಿದ ಸದ್ದು.

ಅಸಿಮಿನಾ ಹೊರಗೆ ಬಂದಾಗ ಮಕ್ಕಳು ಬೆಂಚಿನ ಕೆಳಗೆ ತೂರಿ ಕಾಸು ಆಯುತ್ತಿದ್ದರು. ಪೊಲಿಕ್ಸೆನಿಯ ಮಡಿಲು ಬರಿದಾಗಿತ್ತು.

"ಯಾಕೇ?" ಎಂದಳು, ಉಸಿರಿನಲ್ಲಿ. "ನನ್ನ ಹೆಸರು ಬೇಡ ಅಂದಿದ್ನಲ್ಲ. ನಾನು ಸಾಯೋ ತನಕ ಆ ಮಗುನ ಹೇಗೆ ಕರೀಲಿ ಈಗ?"

"ನಾನು ನನ್ನ ಮಗಳನ್ನ ಕರೆದ ಹಾಗೆ," ಎಂದಳು ಅಸಿಮಿನಾ. ಒರೆಸಿ ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಅವಳ ಬರಿದಾದ ಮಡಿಲಲ್ಲಿ ಇಟ್ಟಳು. ಎಲ್ಲರಿಗೂ ಕೇಳುವ ಹಾಗೆ, ಹರಸುವವರು ಹರಸುವ ದನಿಯಲ್ಲೇ, "ಮಗು ಬಾಳಲಿ. ನಿನ್ನ ಹೆಸರೂ ಬಾಳಲಿ," ಎಂದಳು.

ಪೊಲಿಕ್ಸೆನಿ ಮಗುವಿನ ಮೇಲೆ ಬಾಗಿ ಬಿಕ್ಕಿ ಬಿಕ್ಕಿ ಅತ್ತಳು. ಗರಿಫಾಲ್ಯಾ ಸಕ್ಕರೆ ಬಾದಾಮಿಯ ತಟ್ಟೆ ಹಿಡಿದುಕೊಂಡು ಬಂದು ಅಸಿಮಿನಾಳ ಪಕ್ಕ ನಿಂತಳು.

"ನೋಡೇ, ಖುಷಿಗೆ ಹೇಗೆ ಅಳ್ತಿದಾಳೆ."

"ಹೂಂ. ಖುಷಿಗೆ."

"ನಿನ್ನ ಮಗಳು ಹುಟ್ಟಿದಾಗಲೂ ಹೆಸರಿನ ವಿಷ್ಯಕ್ಕೆ ಏನೋ ಆಗಿತ್ತಲ್ವಾ? ನಿಮ್ಮಮ್ಮಂದು ಇಡ್ಬೇಕು ಅಂತಿದ್ರಿ. ಏನದು ನಿಮ್ಮಮ್ಮನ ಹೆಸರು? ಯಾವುದೋ ಹಣ್ಣಿಂದು."

ಅಸಿಮಿನಾ ಬಾಯಿ ತೆರೆದಳು.

"ಲೆಮೊನ್ಯಾ."

"ಹಾಂ, ಅದೇ. ಹಳೇ ಕಾಲದ್ದು ಬಿಡು," ಎಂದಳು ಗರಿಫಾಲ್ಯಾ, ಬಾದಾಮಿ ಕಡಿಯುತ್ತ. "ಈಗ ಅದನ್ನ ಯಾರು ಇಡ್ತಾರೆ."